ಹೀಬ್ರೂ ಹೆಸರಿನ ಅರ್ಥ ಹುಡುಕುವ ಬಗೆ: 'ಸಮುವೇಲ' ಹೆಸರಿನ ಮೂಲಕ ಒಂದು ಸಮಗ್ರ ಮಾರ್ಗದರ್ಶಿ

'ಸಮುವೇಲ' ಎಂದರೆ ಏನು ಎಂದು ಹುಡುಕಲು ಹೊರಟವರಿಗೆ ಮೂರು ಉತ್ತರ ಸಿಗುತ್ತವೆ. 'ದೇವರಿಂದ ಬೇಡಿ ಪಡೆದವನು' ಎಂದು ಒಂದು ಕಡೆ, 'ದೇವರು ಕೇಳಿಸಿಕೊಂಡನು' ಎಂದು ಇನ್ನೊಂದು ಕಡೆ, 'ದೇವರ ಹೆಸರು' ಎಂದು ಮತ್ತೊಂದು ಕಡೆ. ಹೆಚ್ಚಿನವರು ತಮಗೆ ಹಿಡಿಸಿದ್ದನ್ನು ಆರಿಸಿಕೊಂಡು ಪ್ರಸಂಗಕ್ಕೋ ನಾಮಕರಣದ ಕಾರ್ಡಿಗೋ ಹಾಕಿಬಿಡುತ್ತಾರೆ. ಮೂರಕ್ಕೂ ಆಧಾರ ಉಂಟು. ಆದರೆ ಮೂರೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ, ಗೋಜಲು ಹುಟ್ಟುವುದು ಅಲ್ಲಿಂದಲೇ. ಸತ್ಯವೇದದ ಯಾವುದೇ ಹೀಬ್ರೂ ಹೆಸರನ್ನು ಅಕ್ಷರದಿಂದ ಹಿಡಿದು ಕಥೆಯವರೆಗೆ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಪ್ರವಾದಿ ಸಮುವೇಲನ ಹೆಸರನ್ನೇ ಮಾದರಿಯಾಗಿಟ್ಟುಕೊಂಡು ಇಲ್ಲಿ ವಿವರಿಸಿದೆ. ಹೀಬ್ರೂ ಓದಲು ಬಾರದವರೂ ಇದನ್ನು ಮಾಡಬಹುದು. 22 ಅಕ್ಷರಗಳನ್ನು ಗುರುತು ಹಿಡಿಯುವಷ್ಟು ಕಲಿತರೆ ಸಾಕು, ಅದಕ್ಕೆ ಒಂದು ವಾರ ಧಾರಾಳ.

ಕೈಯಲ್ಲಿ ಇರಬೇಕಾದದ್ದು

ಒಂದು ಕನ್ನಡ ಸತ್ಯವೇದ. ಹೀಬ್ರೂ ಮೂಲವನ್ನೂ ಅದರ ಕೆಳಗೆ ಪದಪದದ ಅರ್ಥವನ್ನೂ ತೋರಿಸುವ ಒಂದು ಪಠ್ಯ. 'ಸ್ಟೆಪ್ ಬೈಬಲ್', 'ಬ್ಲೂ ಲೆಟರ್ ಬೈಬಲ್' ಎರಡೂ ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸ್ಟ್ರಾಂಗ್ ಸಂಖ್ಯೆಗಳು: 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಹೊರತಂದ ಪದಸೂಚಿಯಲ್ಲಿ ಪ್ರತಿ ಹೀಬ್ರೂ ಪದಕ್ಕೂ ಒಂದೊಂದು ಸಂಖ್ಯೆ ಇದೆ. ಅದರ ಜೊತೆಗೆ ಒಂದು ಸರಿಯಾದ ನಿಘಂಟು. ಬ್ರೌನ್, ಡ್ರೈವರ್, ಬ್ರಿಗ್ಸ್ ಎಂಬ ಮೂವರು ಸೇರಿ 1906ರಲ್ಲಿ ಮುಗಿಸಿದ ನಿಘಂಟು ಹಳತಾದರೂ ಇವತ್ತಿಗೂ ಉಪಯುಕ್ತ, ಉಚಿತವೂ ಹೌದು. ಕೊನೆಯದಾಗಿ ಒಂದು ನೋಟ್‌ಬುಕ್ಕು.

ಸ್ಟ್ರಾಂಗ್ ಸಂಖ್ಯೆಯನ್ನು ದಾರಿ ತೋರಿಸುವ ಕೈಕಂಬ ಎಂದಷ್ಟೇ ತಿಳಿಯಿರಿ. ಸಮುವೇಲನ ಸಂಖ್ಯೆ 8050. ಅಲ್ಲಿ ಸ್ಟ್ರಾಂಗ್ 'ದೇವರು ಕೇಳಿಸಿಕೊಂಡವನು' ಎಂಬ ಅರ್ಥ ಕೊಟ್ಟಿದ್ದಾನೆ. 1906ರ ನಿಘಂಟು ಅದೇ ಪದಕ್ಕೆ 'ದೇವರ ಹೆಸರು' ಎನ್ನುತ್ತದೆ. ಎರಡು ಪ್ರಮಾಣಗ್ರಂಥಗಳೇ ಹೀಗೆ ಎರಡು ದಾರಿ ಹಿಡಿದ ಮೇಲೆ, ಒಂದನ್ನು ಮಾತ್ರ ನೋಡಿ ಪುಸ್ತಕ ಮಡಚುವುದು ಅಪಾಯ.

ಮೊದಲೇ ಪ್ರಶ್ನೆಯನ್ನು ಎರಡಾಗಿ ಒಡೆದುಕೊಳ್ಳಿ

ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ 'ಪದದ ಅರ್ಥ', ಬಲಗಡೆ 'ಕಥೆ ಕೊಡುವ ಅರ್ಥ'. ಮುಂದೆ ಸಿಗುವ ಪ್ರತಿಯೊಂದು ಮಾಹಿತಿಯೂ ಇವೆರಡರಲ್ಲಿ ಒಂದು ಕಡೆ ಹೋಗಬೇಕು.

ಹೀಗೇಕೆ ಎಂಬುದಕ್ಕೆ ಮೋಶೆ ಒಳ್ಳೆಯ ಉದಾಹರಣೆ. ವಿಮೋಚನಕಾಂಡ 2:10ರಲ್ಲಿ ಫರೋಹನ ಮಗಳು ನೀರಿನಿಂದ ಎಳೆದುಕೊಂಡೆ ಎಂದು ಹೇಳಿ ಆ ಹೆಸರಿಡುತ್ತಾಳೆ. ಹೀಬ್ರೂವಿನಲ್ಲಿ 'ಮಾಶಾ' ಎಂದರೆ ಎಳೆ. ಆದರೆ ವ್ಯಾಕರಣದ ಪ್ರಕಾರ 'ಮೋಶೆ' ಎಂಬುದು 'ಎಳೆಯುವವನು' ಎಂಬ ರೂಪ, 'ಎಳೆಯಲ್ಪಟ್ಟವನು' ಎಂಬುದಲ್ಲ. ಇನ್ನು ಹೆಸರಿಟ್ಟವಳು ಐಗುಪ್ತದವಳು. ಅವಳ ನುಡಿಯಲ್ಲಿ 'ಹುಟ್ಟಿದವನು, ಮಗ' ಎಂಬರ್ಥದ 'ಮಸ್' ಎಂಬ ಧಾತು ಥುಟ್‌ಮೋಸ್‌ನಂಥ ಅರಸರ ಹೆಸರಿನಲ್ಲೇ ಇದೆ. ಇದರಿಂದ ಸತ್ಯವೇದ ತಪ್ಪಾಗುವುದಿಲ್ಲ. ಕಥೆ ನಿಘಂಟು ಬರೆಯಲು ಕೂತಿಲ್ಲ, ನೀರಿನಿಂದ ಎಳೆಯಲ್ಪಟ್ಟ ಮಗು ಮುಂದೆ ಒಂದು ಜನಾಂಗವನ್ನೇ ನೀರಿನ ನಡುವಿನಿಂದ ಎಳೆದು ತರುತ್ತದೆ ಎಂಬ ಸುಳಿವನ್ನು ಹೆಸರಿನೊಳಗೆ ಇಡುತ್ತಿದೆ. ಎಡಗಡೆ ಐಗುಪ್ತದ ಧಾತು, ಬಲಗಡೆ 'ಎಳೆ' ಎಂಬ ಪದದಾಟ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಹಂತ 1: ಕನ್ನಡ ಹೆಸರಿನ ಹಿಂದಿನ ಹೀಬ್ರೂ ಅಕ್ಷರಗಳನ್ನು ಬರೆಯಿರಿ

ಈ ಹಂತವನ್ನು ಹಾರಿದವರು ಮುಂದೆ ಎಡವಿಯೇ ಎಡವುತ್ತಾರೆ. ಕನ್ನಡ ಸತ್ಯವೇದದ ಹೆಸರುಗಳು ಎರಡು ದಾರಿಯಲ್ಲಿ ಬಂದಿವೆ. ಕೆಲವು ಹೀಬ್ರೂವಿಗೆ ಬಹಳ ಹತ್ತಿರ: ಮೋಶೆ, ಯೆಹೋಶುವ, ಎಲೀಷ, ಚಿದ್ಕೀಯ. ಇನ್ನು ಕೆಲವು ಗ್ರೀಕ್ ಭಾಷಾಂತರದ ಉಚ್ಚಾರವನ್ನು ಉಳಿಸಿಕೊಂಡಿವೆ. ಗ್ರೀಕಿನಲ್ಲಿ 'ಶ' ಇಲ್ಲ, ಹಾಗಾಗಿ 'ಶೆಮೂಏಲ್' ಅಲ್ಲಿ 'ಸಮೂಏಲ್' ಆಯಿತು, 'ಶಾಊಲ್' 'ಸಊಲ್' ಆಯಿತು. ಕನ್ನಡಕ್ಕೆ 'ಶ' ಇದ್ದೂ ನಮ್ಮಲ್ಲಿ ಅವರು ಸಮುವೇಲ, ಸೌಲ ಎಂದೇ ಉಳಿದರು.

ಇದರ ಪರಿಣಾಮ ನೋಡಿ. ಕನ್ನಡದ ಒಂದು 'ಸ' ಹಿಂದೆ ನಾಲ್ಕು ಬೇರೆ ಬೇರೆ ಹೀಬ್ರೂ ದನಿಗಳು ಅಡಗಿರಬಹುದು: ಸಮುವೇಲದಲ್ಲಿ ಶೀನ್, ಸಾರಾದಲ್ಲಿ ಸೀನ್ (ಶೀನ್‌ನದೇ ಅಕ್ಷರ, ಚುಕ್ಕೆ ಮಾತ್ರ ಬೇರೆ ಕಡೆ), ಆಸಾಫದಲ್ಲಿ ಸಾಮೆಕ್, ಇಸಾಕದಲ್ಲಿ ಚಾದೆ. 'ಕ' ಹಿಂದೆ ಎರಡು: ಕಾಲೇಬನದು ಕಾಫ್, ಯಾಕೋಬನದು ಕೋಫ್. 'ಹ' ಹಿಂದೆಯೂ ಎರಡು: ಅಬ್ರಹಾಮನದು ಹೇ, ಹನ್ನಳದು ಗಂಟಲಿನಿಂದ ಬರುವ ಹೆತ್. ಚೀಯೋನ್, ಚಾದೋಕ, ಚಿದ್ಕೀಯ ಎಂಬಲ್ಲಿ 'ಚ' ಕಂಡರೆ ಅದು ಚಾದೆ. ಜೆಕರ್ಯ, ಹಿಜ್ಕೀಯ ಎಂಬಲ್ಲಿ 'ಜ' ಕಂಡರೆ ಜಾಯಿನ್. ಇಂಗ್ಲಿಷಿನವರು ಇವೆರಡನ್ನೂ ಒಂದೇ ಅಕ್ಷರದಲ್ಲಿ ಬರೆದು ಕಲಸಿಬಿಡುತ್ತಾರೆ, ಇಲ್ಲಿ ಕನ್ನಡ ಓದುಗರು ಒಂದು ಹೆಜ್ಜೆ ಮುಂದೆ.

ಆದರೆ ಆಲೆಫ್ ಮತ್ತು ಅಯಿನ್ ಎಂಬ ಎರಡು ಅಕ್ಷರ ಕನ್ನಡದಲ್ಲಿ ಗುರುತೇ ಇಲ್ಲದೆ ಮಾಯವಾಗುತ್ತವೆ. ಎರಡೂ ಗಂಟಲಿನವು, ನಮ್ಮ ಕಿವಿಗೆ ಬರೀ ಸ್ವರದಂತೆ ಕೇಳುತ್ತವೆ. ಯಾಜಕನಾದ ಏಲಿಯ ಹೆಸರು ಅಯಿನ್‌ನಿಂದ ಶುರುವಾಗುತ್ತದೆ, ಅದರ ಧಾತು 'ಮೇಲೆ, ಎತ್ತರ' ಎಂಬುದಕ್ಕೆ ಸಂಬಂಧಿಸಿದ್ದು. ಮತ್ತಾಯ 27:46ರ 'ಏಲೀ, ಏಲೀ' ಎಂಬ ಕೂಗು ಆಲೆಫ್‌ನಿಂದ ಶುರುವಾಗುವ 'ನನ್ನ ದೇವರೇ'. ಕನ್ನಡದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ 'ಏಲಿ ಎಂದರೆ ನನ್ನ ದೇವರು' ಎಂದು ಹೇಳಿಬಿಡುವವರು ಬಹಳ ಮಂದಿ ಇದ್ದಾರೆ.

ಈಗ ನಮ್ಮ ಹೆಸರನ್ನು ಬರೆಯೋಣ. ಸಮುವೇಲ: ಶೀನ್, ಮೇಮ್, ವಾವ್, ಆಲೆಫ್, ಲಾಮೆದ್. ಐದು ಅಕ್ಷರ, ಅಯಿನ್ ಇಲ್ಲ. ಇದರ ಕೆಳಗೇ ಇಸ್ರಾಯೇಲಿನ ಮೊದಲ ಅರಸ ಸೌಲನ ಹೆಸರನ್ನೂ ಬರೆದಿಟ್ಟುಕೊಳ್ಳಿ: ಶೀನ್, ಆಲೆಫ್, ವಾವ್, ಲಾಮೆದ್. ಸೌಲನ ನಾಲ್ಕೂ ಅಕ್ಷರ ಸಮುವೇಲನಲ್ಲಿವೆ, ಮೇಮ್ ಒಂದು ಹೆಚ್ಚು. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಅಧ್ಯಾಯ-ವಚನದ ಸಂಖ್ಯೆ ಹೀಬ್ರೂ ಪಠ್ಯದಲ್ಲಿ ಕೆಲವು ಕಡೆ ಒಂದೆರಡು ಆಚೀಚೆ ಆಗುತ್ತದೆ. ನಮ್ಮ ಆದಿಕಾಂಡ 32:30 ಹೀಬ್ರೂವಿನಲ್ಲಿ 32:31. ಮಲಾಕಿಯ ಅಲ್ಲಿ ಮೂರೇ ಅಧ್ಯಾಯ. ಹೆಸರು ಸಿಗಲಿಲ್ಲವೆಂದರೆ ಅಕ್ಕಪಕ್ಕದ ವಚನ ನೋಡಿ.

ಹಂತ 2: ಅದೇ ಹೆಸರಿನ ಬೇರೆಯವರನ್ನು ಬೇರ್ಪಡಿಸಿ

ಸಂಖ್ಯೆ 8050ರ ಎಲ್ಲ ವಚನಗಳನ್ನು ತೆರೆದರೆ ಪ್ರವಾದಿಯಲ್ಲದೆ ಇನ್ನಿಬ್ಬರು ಸಿಗುತ್ತಾರೆ: ಅರಣ್ಯಕಾಂಡ 34:20ರಲ್ಲಿ ಸಿಮೆಯೋನ್ ಕುಲದ ಅಮ್ಮೀಹೂದನ ಮಗ, 1 ಪೂರ್ವಕಾಲವೃತ್ತಾಂತ 7:2ರಲ್ಲಿ ಇಸ್ಸಾಕಾರ್ ಕುಲದ ತೋಲನ ಮಗ. ಮಗುವಿಗಾಗಿ ಪ್ರವಾದಿಯ ತಾಯಿ ಹನ್ನಳು ಹೊತ್ತ ಹರಕೆಗೂ ಇವರಿಗೂ ಯಾವ ಸಂಬಂಧವೂ ಇಲ್ಲ, ಆದರೂ ಹೆಸರು ಅದೇ. ಅಂದರೆ ಈ ಹೆಸರು ಹನ್ನಳೇ ಹೊಸದಾಗಿ ಕಟ್ಟಿದ್ದಲ್ಲ, ಚಾಲ್ತಿಯಲ್ಲಿದ್ದದ್ದು. ಎಡಗಡೆಯ ಪಟ್ಟಿಯಲ್ಲಿ ಇದನ್ನು ಬರೆದುಕೊಳ್ಳಿ.

ಹಂತ 3: ಹೆಸರನ್ನು ತುಂಡು ಮಾಡಿ

ಹೀಬ್ರೂ ಹೆಸರುಗಳಲ್ಲಿ ದೊಡ್ಡ ಪಾಲು ಪುಟ್ಟ ವಾಕ್ಯಗಳು. ಒಂದು ತುಂಡು ದೇವರ ಹೆಸರು, ಇನ್ನೊಂದು ತುಂಡು ಕ್ರಿಯೆ ಅಥವಾ ಗುಣ. ನಮ್ಮ 'ದೇವದತ್ತ' ಇದ್ದಂತೆ. ಕನ್ನಡ ರೂಪದಲ್ಲೇ ದೇವರ ತುಂಡನ್ನು ಗುರುತಿಸಬಹುದು. ಕೊನೆಯಲ್ಲಿ '-ಏಲ', '-ಯೇಲ', '-ವೇಲ' ಬಂದರೆ 'ಏಲ್' (ದೇವರು): ದಾನಿಯೇಲ, ಯೆಹೆಜ್ಕೇಲ. ಕೊನೆಯಲ್ಲಿ '-ಈಯ', '-ಆಯ' ಬಂದರೆ ಅದು ಯೆಹೋವ ಎಂಬ ಹೆಸರಿನ ಮೊಟಕು ರೂಪವಾದ 'ಯಾಹ್' ಅಥವಾ 'ಯಾಹೂ': ಯೆರೆಮೀಯ, ಯೆಶಾಯ, ಹಿಜ್ಕೀಯ. ಅದೇ ಹೆಸರು ಮೊದಲಲ್ಲಿ ಬಂದರೆ 'ಯೆಹೋ-', 'ಯೋ-': ಯೆಹೋಶುವ, ಯೋನಾತಾನ. 'ನಾತಾನ' ಎಂದರೆ ಕೊಟ್ಟನು. ಯೋನಾತಾನ ಎಂದರೆ ಯೆಹೋವನು ಕೊಟ್ಟನು. ಬರೀ ನಾತಾನ ಎಂದರೆ ದೇವರ ತುಂಡು ಉದುರಿದ ಮೊಟಕು ಹೆಸರು. ಎಲೀಯ ಎಂಬ ಚಿಕ್ಕ ಹೆಸರಿನಲ್ಲಿ ಎರಡೂ ಇವೆ: 'ಏಲೀ' ಜೊತೆಗೆ 'ಯಾಹ್', ಯೆಹೋವನೇ ನನ್ನ ದೇವರು. ಕಾನಾನ್ಯರ ದೇವತೆಯಾದ ಬಾಳನ ಪೂಜಾರಿಗಳಿಗೆ ಎದುರು ನಿಂತವನಿಗೆ ಹೆಸರೇ ಘೋಷಣೆ.

ಎಲ್ಲ ಹೆಸರೂ ಹೀಗಿರುವುದಿಲ್ಲ. ದೆಬೋರ ಎಂದರೆ ಜೇನ್ನೊಣ, ಯೋನ ಎಂದರೆ ಪಾರಿವಾಳ, ರಾಹೇಲ್ ಎಂದರೆ ಹೆಣ್ಣು ಕುರಿ, ತಾಮಾರ್ ಎಂದರೆ ಖರ್ಜೂರದ ಮರ. ಯೋನನ ಮೊದಲಲ್ಲಿ 'ಯೋ' ಕಂಡು ಅಲ್ಲಿ ಯೆಹೋವನನ್ನು ಹುಡುಕಬೇಡಿ. ಅದು ಇಡಿಯಾಗಿ ಹಕ್ಕಿಯ ಹೆಸರು.

ಸಮುವೇಲದಲ್ಲಿ ಕೊನೆಯ 'ಏಲ್' ಸ್ಪಷ್ಟ. ಉಳಿಯುವುದು ಶೀನ್, ಮೇಮ್, ವಾವ್: 'ಶೆಮೂ'. ಜಗಳ ಇರುವುದು ಈ ತುಂಡಿನ ಮೇಲೆ.

ಹಂತ 4: ಧಾತುವಿನ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ತೂಗಿ

ಅಭ್ಯರ್ಥಿ ಒಂದು, 'ಶಾಮಾ' (ಕೇಳಿಸಿಕೊಳ್ಳು). ಇದರ ಅಕ್ಷರಗಳು ಶೀನ್, ಮೇಮ್, ಅಯಿನ್. ಮೊದಲೆರಡು ಹೊಂದುತ್ತವೆ, ಮೂರನೆಯ ಅಯಿನ್ ನಮ್ಮ ಹೆಸರಿನಲ್ಲಿಲ್ಲ. ಅಯಿನ್ ಉದುರಿಹೋಯಿತು ಎನ್ನೋಣವೇ? ಇದೇ ಧಾತುವಿನಿಂದ ಬಂದ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿ. ಇಷ್ಮಾಯೇಲ (ಆದಿಕಾಂಡ 16:11, ದೇವರು ಕೇಳಿಸಿಕೊಂಡ) ಹೆಸರಿನಲ್ಲಿ ಅಯಿನ್ ಭದ್ರವಾಗಿದೆ. ಸಿಮೆಯೋನ (ಆದಿಕಾಂಡ 29:33) ಹೆಸರಿನಲ್ಲೂ ಇದೆ. ಅಲ್ಲೆಲ್ಲ ನಿಂತ ಅಯಿನ್ ಇಲ್ಲಿ ಮಾತ್ರ ಏಕೆ ಬಿದ್ದುಹೋಯಿತು ಎಂದು ಹೇಳಲು ಬಲವಾದ ಕಾರಣವಿಲ್ಲ. ಸ್ಟ್ರಾಂಗ್ ಹಿಡಿದದ್ದು ಈ ದಾರಿ, ಆದರೆ ದಾರಿ ಗಟ್ಟಿಯಿಲ್ಲ.

ಅಭ್ಯರ್ಥಿ ಎರಡು, 'ಶಾಅಲ್' (ಬೇಡು, ಕೇಳಿಕೊಳ್ಳು). ಅಕ್ಷರಗಳು ಶೀನ್, ಆಲೆಫ್, ಲಾಮೆದ್. ಮೂರೂ ಹೆಸರಿನಲ್ಲಿವೆ ನಿಜ, ಆದರೆ ಮಧ್ಯದ ಮೇಮ್ ಎಲ್ಲಿಂದ ಬಂತು? 'ಶಾಊಲ್ ಮೇ ಏಲ್' (ದೇವರಿಂದ ಬೇಡಿ ಪಡೆದದ್ದು) ಎಂಬ ಮೂರು ಪದ ಕುಗ್ಗಿ ಹೆಸರಾಯಿತು ಎಂದು ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರರು ವಿವರಿಸಿದ್ದುಂಟು. ಓದಲು ಚೆನ್ನಾಗಿದೆ, ಆದರೆ ಹೀಬ್ರೂ ಹೆಸರುಗಳು ಸಾಮಾನ್ಯವಾಗಿ ಹೀಗೆ ಕುಗ್ಗುವುದಿಲ್ಲ.

ಅಭ್ಯರ್ಥಿ ಮೂರು, 'ಶೇಮ್' (ಹೆಸರು). ಶೀನ್, ಮೇಮ್ ಎರಡೂ ಹೊಂದುತ್ತವೆ. ನಡುವಿನ 'ಊ'ಗೆ ಏನು ಹೇಳಬೇಕು? ಹಳೆಯ ಸೆಮಿಟಿಕ್ ನುಡಿಗಳಲ್ಲಿ ಪ್ರಥಮಾ ವಿಭಕ್ತಿಯ ಪ್ರತ್ಯಯ 'ಉ'. ಹೀಬ್ರೂವಿನಲ್ಲಿ ಅದು ಮಾತಿನಿಂದ ಹೋದರೂ ಹಳೆಯ ಹೆಸರುಗಳಲ್ಲಿ ಉಳಿದುಕೊಂಡಿರಬಹುದು. ಯಾಕೋಬನು ದೇವರೊಡನೆ ಹೋರಾಡಿದ ಸ್ಥಳ ಒಂದು ವಚನದಲ್ಲಿ 'ಪೆನೀಏಲ್', ಮರುವಚನದಲ್ಲೇ 'ಪೆನೂಏಲ್'. ಹೆಸರಿನ ಪ್ರಪಂಚದಲ್ಲಿ ಈ 'ಊ' ಅಪರೂಪವಲ್ಲ ಎಂಬುದಕ್ಕೆ ಅದು ಸಾಕ್ಷಿ. ಬಾಬೆಲಿನ ಮೊದಲ ಅರಸುಮನೆತನದಲ್ಲಿ ಸುಮು-ಅಬುಮ್, ಸುಮು-ಲಾ-ಏಲ್ ಎಂಬ ಅರಸರಿದ್ದರು; ಅವರ ಹೆಸರಿನ 'ಸುಮು' ಇದೇ 'ಶೇಮ್'ನ ಬಳಗದ್ದು. ಹಾಗಾಗಿ 'ದೇವರ ಹೆಸರು' ಅಥವಾ 'ಆತನ ಹೆಸರು ಏಲ್' ಎಂಬುದೇ ಪದದ ಅರ್ಥವಾಗಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಎಡಗಡೆಯಲ್ಲಿ ಬರೆಯಿರಿ, ಮುಂದೆ 'ಬಹುಮಟ್ಟಿಗೆ' ಎಂದು ಸೇರಿಸಿ.

ಧಾತುಗಳನ್ನು ನೆನಪಿಡಲು ಕನ್ನಡದಲ್ಲೇ ಒಂದು ಸಹಾಯ ಇದೆ. ಹೀಬ್ರೂವಿನ 'ಶ' ಎಷ್ಟೋ ಕಡೆ ಅರಬ್ಬಿಯಲ್ಲಿ 'ಸ': ಶಾಲೋಮ್ ಅಲ್ಲಿ ಸಲಾಂ. 'ಶಾಅಲ್'ನ ಅರಬ್ಬಿ ಬಂಧು 'ಸುಆಲ್', ಪ್ರಶ್ನೆ. ಪಾರ್ಸಿ, ಹಿಂದೂಸ್ಥಾನಿಗಳ ಮೂಲಕ ಅದು ನಮ್ಮಲ್ಲಿ 'ಸವಾಲು' ಆಗಿ ಕೂತಿದೆ. ನಮ್ಮ ಊರುಗಳ ಇಸ್ಮಾಯಿಲ್ ಎಂಬ ಹೆಸರು ಇಷ್ಮಾಯೇಲನದೇ.

ಹಂತ 5: ಹೆಸರಿಟ್ಟ ವಚನವನ್ನು ಬಿಡಿಸಿ ಓದಿ

ಎಲ್ಲ ಹೆಸರಿಗೂ ಇಂಥ ವಚನ ಇರುವುದಿಲ್ಲ. ಇದ್ದರೆ ನಾಲ್ಕು ಪ್ರಶ್ನೆ ಹಾಕಿ: ಇಟ್ಟವರು ಯಾರು? ಯಾವ ಸಂದರ್ಭದಲ್ಲಿ? ಕಾರಣ ಹೇಳುವ 'ಕೀ' (ಏಕೆಂದರೆ) ಎಂಬ ಪದ ಇದೆಯೇ? ಕಾರಣದಲ್ಲಿ ಬಳಸಿದ ಕ್ರಿಯಾಪದದ ಧಾತು ಹೆಸರಿನ ಧಾತುವೇ, ಬರೀ ಕಿವಿಗೆ ಹೋಲುವಂಥದ್ದೇ?

1 ಸಮುವೇಲ 1:20: ಇಟ್ಟವಳು ತಾಯಿ ಹನ್ನ. ವರ್ಷಗಟ್ಟಲೆ ಬಂಜೆ ಎನಿಸಿಕೊಂಡು, ಸವತಿ ಪೆನಿನ್ನಳ ಚುಚ್ಚುಮಾತು ತಿಂದು, ಶಿಲೋವಿನಲ್ಲಿ ಅತ್ತು ಹರಕೆ ಹೊತ್ತವಳು. 'ಕೀ' ಇದೆ. ಅವಳ ಕಾರಣ: ಯೆಹೋವನಿಂದ ಇವನನ್ನು ಬೇಡಿಕೊಂಡೆ. ಇಲ್ಲಿನ ಕ್ರಿಯಾಪದ 'ಶಾಅಲ್', ಅಂದರೆ ನಮ್ಮ ಎರಡನೆಯ ಅಭ್ಯರ್ಥಿ. ಅಕ್ಷರದ ಲೆಕ್ಕದಲ್ಲಿ ಗೆದ್ದದ್ದು 'ಶೇಮ್', ತಾಯಿಯ ಬಾಯಲ್ಲಿ ಬಂದದ್ದು 'ಶಾಅಲ್'. ಗೆರೆ ಎಳೆದ ನೋಟ್‌ಬುಕ್ಕು ಈಗ ಉಪಯೋಗಕ್ಕೆ ಬಂತು.

ಇಂಥ ಹೊಂದಾಣಿಕೆಯ ಕೊರತೆ ಸತ್ಯವೇದದಲ್ಲಿ ಇದೊಂದೇ ಅಲ್ಲ. ನೋಹನ ಹೆಸರಿನ ಧಾತು 'ವಿಶ್ರಮಿಸು', ಆದಿಕಾಂಡ 5:29 ಕೊಡುವ ಕಾರಣದ ಧಾತು 'ಸಮಾಧಾನಪಡಿಸು'. ಸರಿಯಾಗಿ ಹೊಂದುವವೂ ಇವೆ: ಇಸಾಕ ಎಂದರೆ ನಗುತ್ತಾನೆ, ಅವನ ಸುತ್ತ ಅಬ್ರಹಾಮನೂ ಸಾರಾಳೂ ನಿಜವಾಗಿಯೇ ನಗುತ್ತಾರೆ.

ಹಂತ 6: ಆ ಧಾತುವನ್ನು ಕಥೆಯುದ್ದಕ್ಕೂ ಹಿಂಬಾಲಿಸಿ

ಹೆಸರಿನ ಮಹತ್ವ ಸಿಗುವುದು ಇಲ್ಲಿ. ಸಮಯವನ್ನೂ ಇಲ್ಲೇ ಹೆಚ್ಚು ಕೊಡಿ. 'ಶಾಅಲ್' ಸಂಖ್ಯೆ 7592. ಅದನ್ನೂ ಅದರಿಂದ ಹುಟ್ಟಿದ ನಾಮಪದವನ್ನೂ 1 ಸಮುವೇಲದ ಮೊದಲ ಅಧ್ಯಾಯದಲ್ಲಿ ಹುಡುಕಿ. 17ರಲ್ಲಿ ಎರಡು ಸಲ, 20ರಲ್ಲಿ ಒಂದು, 27ರಲ್ಲಿ ಎರಡು, 28ರಲ್ಲಿ ಎರಡು. ಒಂದೇ ಅಧ್ಯಾಯದಲ್ಲಿ ಏಳು ಸಲ, 2:20ರಲ್ಲಿ ಮತ್ತೆ ಎರಡು. ಕನ್ನಡದಲ್ಲಿ ಓದುವಾಗ ಇದು ಕಾಣಿಸುವುದಿಲ್ಲ, ಏಕೆಂದರೆ ಅದೇ ಧಾತು ಒಂದು ಕಡೆ ಬೇಡುವುದಾಗಿ, ಇನ್ನೊಂದು ಕಡೆ ಒಪ್ಪಿಸಿಕೊಡುವುದಾಗಿ ಅನುವಾದಗೊಂಡಿದೆ.

1:28ರ ಕೊನೆಗೆ ಬನ್ನಿ. ಮಗುವನ್ನು ಶಿಲೋವಿಗೆ ತಂದ ಹನ್ನ, ಇವನು ಬದುಕಿರುವಷ್ಟು ದಿನ ಯೆಹೋವನಿಗೆ ಒಪ್ಪಿಸಲ್ಪಟ್ಟವನು ಎನ್ನುತ್ತಾಳೆ. ಹೀಬ್ರೂವಿನಲ್ಲಿ ಅದು 'ಹೂ ಶಾಊಲ್ ಲಾ-ಯೆಹೋವ'. ಶೀನ್, ಆಲೆಫ್, ವಾವ್, ಲಾಮೆದ್, ಸ್ವರವೂ ಅದೇ. ಇಸ್ರಾಯೇಲಿನ ಮೊದಲ ಅರಸನ ಹೆಸರು, ಅವನು ಕಥೆಗೆ ಕಾಲಿಡುವ 9ನೆಯ ಅಧ್ಯಾಯಕ್ಕೆ ಎಷ್ಟೋ ಮುಂಚೆ, ಸಮುವೇಲನ ತಾಯಿಯ ಬಾಯಲ್ಲಿ! ಈ ಜನನದ ಕಥೆ ಮೊದಲು ಸೌಲನದಾಗಿತ್ತು, ಆಮೇಲೆ ಸಮುವೇಲನಿಗೆ ಬಂತು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಆದರೆ ಆ ಊಹೆ ಇಲ್ಲದೆಯೂ ಪಠ್ಯ ನಡೆಯುತ್ತದೆ. ಬರೆದವನಿಗೆ ಎರಡು ಹೆಸರೂ ಗೊತ್ತಿತ್ತು; ಹನ್ನ ಬೇಡಿದ ಮಗುವಿನ ಎದುರು ಜನ ಬೇಡಿದ ಅರಸನನ್ನು ನಿಲ್ಲಿಸುವುದು ಅವನ ಉದ್ದೇಶ ಎಂದೇ ತೋರುತ್ತದೆ.

ಮುಂದಿನ ಅಧ್ಯಾಯಗಳು ಇದಕ್ಕೆ ಇಂಬು ಕೊಡುತ್ತವೆ. 8:10ರಲ್ಲಿ ಜನರು ಸಮುವೇಲನನ್ನು ಅರಸನಿಗಾಗಿ 'ಬೇಡುವವರು', ಅದೇ ಧಾತು. 12:13, 12:17, 12:19ರಲ್ಲಿ ಅರಸನನ್ನು ಬೇಡಿದ ವಿಷಯ ಮತ್ತೆ ಮತ್ತೆ. ಒಬ್ಬಳು ಬೇಡಿ ಪಡೆದದ್ದನ್ನು ಹಿಂದಿರುಗಿಸಿದಳು. ಜನ ಬೇಡಿ ಪಡೆದದ್ದನ್ನು ತಮಗೇ ಇಟ್ಟುಕೊಂಡರು.

ಆಮೇಲೆ 28:6. ಫಿಲಿಷ್ಟಿಯರ ದಂಡು ಎದುರಿಗಿದೆ, ಸಮುವೇಲ ಸತ್ತಿದ್ದಾನೆ. ಸೌಲ ಯೆಹೋವನನ್ನು ವಿಚಾರಿಸುತ್ತಾನೆ, ಉತ್ತರ ಬರುವುದಿಲ್ಲ. ಹೀಬ್ರೂವಿನಲ್ಲಿ ಎರಡು ಪದ ಅಂಟಿಕೊಂಡು ನಿಂತಿವೆ: 'ವಯ್ಯಿಶ್ಅಲ್ ಶಾಊಲ್'. ಬೇಡಿ ಪಡೆದವನು ಬೇಡಿದನು, ಸಿಗಲಿಲ್ಲ. ಸತ್ತವರನ್ನು ಕರೆಸುವ ಏಂದೋರಿನ ಹೆಂಗಸಿನ ಮನೆಯಲ್ಲಿ ಮೇಲೆದ್ದು ಬಂದ ಸಮುವೇಲ 28:16ರಲ್ಲಿ ಕೇಳುವುದೂ ಅದೇ ಧಾತುವಿನಲ್ಲಿ: ನನ್ನನ್ನೇಕೆ ವಿಚಾರಿಸುತ್ತೀ? ಇನ್ನೊಂದು ಸಂಗತಿ. ಸತ್ತವರ ಲೋಕಕ್ಕೆ ಹೀಬ್ರೂವಿನಲ್ಲಿ 'ಶೆಓಲ್' ಎನ್ನುತ್ತಾರೆ, ಕನ್ನಡದಲ್ಲಿ ಪಾತಾಳ. ಸ್ವರಚಿಹ್ನೆ ಇಲ್ಲದೆ ಬರೆದರೆ ಅದೂ ಸೌಲನ ಹೆಸರೂ ಒಂದೇ ನಾಲ್ಕು ಅಕ್ಷರ. ಪಾತಾಳಕ್ಕೆ ಇಳಿಸುವವನೂ ಮೇಲಕ್ಕೆ ತರುವವನೂ ಯೆಹೋವನೇ ಎಂದು ಹನ್ನಳು ಹಾಡಿದ 2:6ನ್ನು 28ನೆಯ ಅಧ್ಯಾಯದ ಪಕ್ಕದಲ್ಲಿಟ್ಟು ಓದಿ ನೋಡಿ.

ಹಾಗಾದರೆ 'ಕೇಳಿಸಿಕೊಳ್ಳು' ಎಂಬ ಮೊದಲ ಅಭ್ಯರ್ಥಿಗೆ ಕೆಲಸವೇ ಇಲ್ಲವೇ? ಇದೆ, ಬಲಗಡೆಯ ಪಟ್ಟಿಯಲ್ಲಿ. 1:13ರಲ್ಲಿ ಹನ್ನಳ ದನಿ ಏಲಿಗೆ ಕೇಳಿಸುವುದಿಲ್ಲ. 3:10ರಲ್ಲಿ ಹುಡುಗ ಹೇಳುವುದು, ನಿನ್ನ ದಾಸನು ಕೇಳುತ್ತಿದ್ದಾನೆ. 8:7ರಲ್ಲಿ ಜನರ ಮಾತನ್ನು ಕೇಳು ಎಂದು ಅವನಿಗೆ ಅಪ್ಪಣೆ. 15:14ರಲ್ಲಿ ಕುರಿಗಳ ಕೂಗು ಕಿವಿಗೆ ಬೀಳುತ್ತದೆ, 15:22ರಲ್ಲಿ ಮಾತು ಕೇಳುವುದು ಯಜ್ಞಕ್ಕಿಂತ ಮೇಲು. ಹೆಸರಿನಲ್ಲಿ ಅಯಿನ್ ಇಲ್ಲದಿದ್ದರೂ 'ಶೆಮೂಏಲ್' ಎಂಬ ದನಿಯಲ್ಲಿ ಹೀಬ್ರೂ ಕಿವಿಗೆ 'ಶಾಮಾ' ಹಾದುಹೋಗದೇ ಇರಲಾರದು.

ಕನ್ನಡ ಓದುಗರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ನಮ್ಮ 'ಕೇಳು' ಎಂಬ ಒಂದೇ ಕ್ರಿಯಾಪದ ಎರಡೂ ಹೀಬ್ರೂ ಧಾತುಗಳ ಕೆಲಸ ಮಾಡುತ್ತದೆ: ಹನ್ನ ಕೇಳಿದಳು, ದೇವರು ಕೇಳಿದನು. ಸೊಗಸೇನೋ ಹೌದು, ಪ್ರಸಂಗಕ್ಕಂತೂ ಸಿದ್ಧಸರಕು. ಆದರೆ ಕನ್ನಡದಲ್ಲಿ 'ಕೇಳು' ಕಂಡಲ್ಲೆಲ್ಲ ಸಂಖ್ಯೆ ನೋಡಿ. 7592 ಆದರೆ ಬೇಡುವುದು, 8085 ಆದರೆ ಕಿವಿಗೊಡುವುದು. ನೋಡದೆ ಎಣಿಸಿದರೆ ಲೆಕ್ಕ ಪೂರಾ ಅಡ್ಡಾದಿಡ್ಡಿ.

ಹಂತ 7: ಪಠ್ಯಭೇದ, ಶಾಸನ

ಸಮುವೇಲನ ಪುಸ್ತಕಗಳ ಹೀಬ್ರೂ ಪಠ್ಯ ಕೆಲವು ಕಡೆ ಪೆಟ್ಟು ತಿಂದಿದೆ. 1:17ರಲ್ಲಿ 'ನಿನ್ನ ಬೇಡಿಕೆ' ಎಂಬ ಪದದಲ್ಲೇ ಆಲೆಫ್ ಬಿಟ್ಟುಹೋಗಿದೆ. ಮೃತಸಮುದ್ರದ ಬಳಿ ಕುಮ್ರಾನಿನ ನಾಲ್ಕನೆಯ ಗವಿಯಲ್ಲಿ 1952ರಲ್ಲಿ ಸಿಕ್ಕ ಸಮುವೇಲ ಸುರುಳಿಯ 1:22ರಲ್ಲಿ ಹುಡುಗನನ್ನು ನಾಜೀರನನ್ನಾಗಿ (ಹರಕೆಯಿಂದ ದೇವರಿಗೆ ಮೀಸಲಾದವನನ್ನಾಗಿ) ಕೊಡುವ ಮಾತು ಹೆಚ್ಚಾಗಿದೆ. ಒಂದೇ ಅಕ್ಷರದ ಮೇಲೆ ದೊಡ್ಡ ವಾದ ಕಟ್ಟುವ ಮುನ್ನ ಗ್ರೀಕ್ ಭಾಷಾಂತರ ಏನು ಹೇಳುತ್ತದೆ ನೋಡಿ.

ಬೇಕೆಂದೇ ತಿದ್ದಿದ ಹೆಸರುಗಳೂ ಇವೆ. ಸೌಲನ ಮಗ 2 ಸಮುವೇಲ 2:8ರಲ್ಲಿ ಈಷ್ಬೋಶೆತ್, 'ನಾಚಿಕೆಯ ಮನುಷ್ಯ'. 1 ಪೂರ್ವಕಾಲವೃತ್ತಾಂತ 8:33ರಲ್ಲಿ ಅದೇ ಮಗ ಎಷ್ಬಾಳ, 'ಬಾಳನ ಮನುಷ್ಯ'. ಯಾವ ತಂದೆಯೂ ಮಗನಿಗೆ ನಾಚಿಕೆ ಎಂದು ಹೆಸರಿಡುವುದಿಲ್ಲ. 'ಬಾಳ' ಎಂಬ ಪದ ಬಾಯಲ್ಲಿ ಬರಬಾರದೆಂದು ನಂತರದವರು ಬದಲಿಸಿದ್ದು ಎಂಬುದೇ ಸಾಮಾನ್ಯವಾಗಿ ಒಪ್ಪಿದ ವಿವರಣೆ. ಖಿರ್ಬೆತ್ ಕೆಯಾಫಾದಲ್ಲಿ 2012ರಲ್ಲಿ ಸಿಕ್ಕ ಮಡಕೆಯ ಚೂರುಗಳನ್ನು ಜೋಡಿಸಿದಾಗ ಎಷ್ಬಾಳ ಎಂಬ ಹೆಸರೇ ಅದರ ಮೇಲೆ ಕಂಡಿತು, 2015ರಲ್ಲಿ ಅದು ಪ್ರಕಟವಾಯಿತು. ಆ ಮಡಕೆಯವನು ಸೌಲನ ಮಗನಲ್ಲ, ಬೇದಾ ಎಂಬವನ ಮಗ. ಆದರೆ ಹೆಸರು ಆ ಕಾಲದಲ್ಲಿ ಬಳಕೆಯಲ್ಲಿತ್ತು ಎಂಬುದು ಖಾತ್ರಿಯಾಯಿತು. ಶಾಸನದಿಂದ ನಿರೀಕ್ಷಿಸಬೇಕಾದದ್ದು ಇಷ್ಟೇ: ಹೆಸರಿನ ಕಾಲ ಮತ್ತು ರೂಪ.

ಹಂತ 8: ಫಲಿತಾಂಶವನ್ನು ಬರೆದಿಡುವ ರೀತಿ

ಸಮುವೇಲನ ಚೀಟಿ ಹೀಗಿರಬಹುದು:

ಅಕ್ಷರ: ಶೀನ್, ಮೇಮ್, ವಾವ್, ಆಲೆಫ್, ಲಾಮೆದ್.
ಪದದ ಅರ್ಥ: ದೇವರ ಹೆಸರು (ಬಹುಮಟ್ಟಿಗೆ).
ತಾಯಿ ಕೊಟ್ಟ ಕಾರಣ: ಯೆಹೋವನಿಂದ ಬೇಡಿದೆ, 1:20 (ಪಠ್ಯದಲ್ಲೇ ಇದೆ, ದನಿಯ ಹೋಲಿಕೆ).
ಕಥೆಯಲ್ಲಿ: ಬೇಡಿದ ಮಗು ಎದುರು ಬೇಡಿದ ಅರಸ, 1:28, 8:10, 12:13, 28:6. ಉಪಧ್ವನಿ: ಕಿವಿಗೊಡುವವನು, 3:10, 15:22.
ಹೇಳಬಾರದ್ದು: 'ಸಮುವೇಲ ಎಂದರೆ ನಿಘಂಟಿನ ಪ್ರಕಾರ ಬೇಡಿ ಪಡೆದವನು'.

ಪದೇ ಪದೇ ಆಗುವ ತಪ್ಪುಗಳು

ಮಕ್ಕಳ ಹೆಸರಿನ ಪಟ್ಟಿಗಳು ಹೀಬ್ರೂ ಅಕ್ಷರ ಕೊಡದೆ ಅರ್ಥ ಮಾತ್ರ ಕೊಡುತ್ತವೆ, ಅವನ್ನು ಮುಟ್ಟದಿರುವುದೇ ಮೇಲು. ಪ್ರತಿ ಅಕ್ಷರಕ್ಕೂ ಚಿತ್ರದ ಅರ್ಥ ಹಚ್ಚಿ (ಶೀನ್ ಹಲ್ಲು, ಮೇಮ್ ನೀರು ಎಂದು) ಹೆಸರನ್ನು ಓದುವ ಪದ್ಧತಿಗೆ ಆಧಾರವಿಲ್ಲ. ಅಕ್ಷರದ ಹೆಸರು ಬೇರೆ, ಪದದ ಅರ್ಥ ಬೇರೆ. ವಂಶಾವಳಿಯ ಹೆಸರುಗಳ ಅರ್ಥವನ್ನು ಸಾಲಾಗಿ ಜೋಡಿಸಿ ಗುಪ್ತ ಸಂದೇಶ ತೆಗೆಯುವವರು ಪ್ರತಿ ಹೆಸರಿಗೂ ತಮಗೆ ಬೇಕಾದ ಅರ್ಥವನ್ನೇ ಆರಿಸಿಕೊಂಡಿರುತ್ತಾರೆ, ಒಂದನ್ನು ಬದಲಿಸಿದರೆ ಸಂದೇಶ ಕುಸಿಯುತ್ತದೆ. ಹೆಸರಿನ ಅರ್ಥವೇ ಮನುಷ್ಯನ ಸ್ವಭಾವ ಎಂದು ನಂಬುವುದು ಇನ್ನೊಂದು. 1 ಸಮುವೇಲ 25:25ರಲ್ಲಿ ಅಬೀಗೈಲಳು ಗಂಡ ನಾಬಾಲನ ('ಮೂರ್ಖ' ಎಂದರ್ಥ) ಬಗ್ಗೆ ಹೆಸರಿನಂತೆಯೇ ಮನುಷ್ಯ ಎಂದು ಹೇಳುವುದು ನಿಜ, ಆದರೆ ಅದು ಅಪವಾದ ಎಂಬ ಕಾರಣಕ್ಕೇ ಅವಳು ಎತ್ತಿ ಹೇಳುತ್ತಾಳೆ. ಸಮುವೇಲನ ಮಗ ಯೋವೇಲನ ಹೆಸರಿಗೆ 'ಯೆಹೋವನೇ ದೇವರು' ಎಂದರ್ಥ. 8:3ರಲ್ಲಿ ಅವನು ಲಂಚ ತಿನ್ನುತ್ತಾನೆ.

ಕೈ ಪಳಗಿಸಲು ಈ ಕ್ರಮದಲ್ಲಿ ಹೋಗಿ. ಮೊದಲು ಇಸಾಕ, ಅಲ್ಲಿ ಎರಡೂ ಪಟ್ಟಿ ಒಂದೇ ಉತ್ತರ ಕೊಡುತ್ತವೆ. ಆಮೇಲೆ ಈಕಾಬೋದ್ (1 ಸಮುವೇಲ 4:21), ಅಲ್ಲಿ ಮೊದಲ ತುಂಡು 'ಇಲ್ಲ' ಎಂಬುದೋ 'ಎಲ್ಲಿ' ಎಂಬುದೋ ಎಂದು ತೀರ್ಮಾನಿಸಬೇಕು. ಮೂರನೆಯದು ಬೆನ್ಯಾಮೀನ (ಆದಿಕಾಂಡ 35:18). ತಾಯಿ ಒಂದು ಹೆಸರು, ತಂದೆ ಇನ್ನೊಂದು ಹೆಸರು ಇಟ್ಟ ಪ್ರಸಂಗ. ಕೊನೆಗೆ ಯಾಬೇಚ (1 ಪೂರ್ವಕಾಲವೃತ್ತಾಂತ 4:9). ಅಲ್ಲಿ ತಾಯಿ ಹೇಳುವ 'ನೋವು' ಎಂಬ ಪದದ ಅಕ್ಷರಗಳು ಅಯಿನ್, ಚಾದೆ, ಬೇತ್. ಹೆಸರಿನಲ್ಲಿ ಅವು ಅಯಿನ್, ಬೇತ್, ಚಾದೆ ಎಂದು ಅದಲುಬದಲಾಗಿವೆ. ಅದನ್ನು ಕನ್ನಡ ರೂಪ ಮಾತ್ರ ನೋಡಿ ಪತ್ತೆ ಮಾಡಲು ಸಾಧ್ಯವಿಲ್ಲ.